ಮಂಡಳಿಯ ಮುಂದೆ ಬರುವ ಮಗು, ಶಾಲೆಯಲ್ಲೇ ಉಳಿಯುವ ಕಡತ

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಮಕ್ಕಳ ನಡುವಿನ ಜಗಳವೊಂದು ಕೊಲೆಯಲ್ಲಿ ಮುಗಿದು, ಆರೋಪ ಆರನೇ ತರಗತಿಯ ಬಾಲಕನೊಬ್ಬನ ಮೇಲೆ ಬಂದಾಗ, ಇಂಥವನನ್ನು ಜೈಲಿಗೆ ಏಕೆ ಕಳಿಸುವುದಿಲ್ಲ ಎಂಬುದೇ ಅನೇಕರ ಮೊದಲ ಪ್ರಶ್ನೆಯಾಗಿತ್ತು. ಅದಕ್ಕೆ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರವಿದೆ. ಅಷ್ಟು ಸ್ಪಷ್ಟವಾದ ಉತ್ತರವಿಲ್ಲದ ಇನ್ನೊಂದು ಪ್ರಶ್ನೆಯನ್ನು ಇಂಥ ಸುದ್ದಿಗಳು ಎತ್ತಬೇಕಿತ್ತು, ಆದರೆ ಎತ್ತುವುದಿಲ್ಲ. ಆರೋಪಕ್ಕೆ ಗುರಿಯಾದ ಮಗುವಿಗೆ ಬೌದ್ಧಿಕ ವಿಕಲತೆಯೋ, ಶ್ರವಣದೋಷವೋ, ಆಟಿಸಮ್ಮೋ, ಕಲಿಕಾ ನ್ಯೂನತೆಯೋ ಇದ್ದರೆ ಅದನ್ನು ಗುರುತಿಸಿ ಬಾಲ ನ್ಯಾಯ ಮಂಡಳಿಯ ಮುಂದಿಡುವ ಹೊಣೆ ಯಾರದು? (ಮೇ ತಿಂಗಳ ಪ್ರಕರಣದ ಬಾಲಕನಿಗೆ ಇಂಥದೇನಾದರೂ ಇತ್ತೆಂದು ಇಲ್ಲಿ ಸೂಚಿಸುತ್ತಿಲ್ಲ. ಆತನ ಗುರುತನ್ನು ಕಾನೂನು ಮರೆಯಲ್ಲಿಟ್ಟಿದೆ, ಅದು ಹಾಗೆಯೇ ಇರಬೇಕು.)

ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ವಿಶೇಷ ಶಿಕ್ಷಕರ ಹುದ್ದೆಗಳನ್ನು ಅಧಿಸೂಚಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು. ಪತ್ರಿಕೆಯಲ್ಲಿ ಒಂದು ಸುದ್ದಿ ಶಿಕ್ಷಣದ ಪುಟಕ್ಕೆ ಹೋಗುತ್ತದೆ, ಇನ್ನೊಂದು ಅಪರಾಧದ ಪುಟಕ್ಕೆ. ಎರಡೂ ಪುಟಗಳಲ್ಲಿ ಒಂದೇ ಮಗು ಇರಬಹುದೆಂಬುದು ಓದುಗರಿಗೆ ಹಾಗಿರಲಿ, ಆ ಮಗುವಿನ ಪ್ರಕರಣ ನಡೆಸುವವರಿಗೂ ಸುಲಭವಾಗಿ ಹೊಳೆಯುವುದಿಲ್ಲ.

ವಕೀಲರಿಲ್ಲ ಎಂಬುದು ತೊಡಕಲ್ಲ

2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, 18 ವರ್ಷ ತುಂಬದ ಆರೋಪಿಯನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಿಚಾರಣೆ ಸಾಮಾನ್ಯವಾಗಿ 4 ತಿಂಗಳಲ್ಲಿ ಮುಗಿಯಬೇಕು. ಕೃತ್ಯ ಸಾಬೀತಾದರೂ ಮಂಡಳಿ ಮಗುವನ್ನು ವಿಶೇಷ ಗೃಹದಲ್ಲಿಡಬಹುದಾದ ಅವಧಿ ಹೆಚ್ಚೆಂದರೆ 3 ವರ್ಷ.

ಉಚಿತ ಕಾನೂನು ನೆರವಿನ ವಿಷಯದಲ್ಲೂ ಕಾನೂನು ಉದಾರವಾಗಿಯೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಕ್ಕಳಿಗೆ, ವಿಕಲಚೇತನರಿಗೆ ಮತ್ತು ಬಂಧನದಲ್ಲಿರುವವರಿಗೆ ಪ್ರತ್ಯೇಕವಾಗಿ ಈ ಹಕ್ಕು ಕೊಟ್ಟಿರುವುದರಿಂದ, ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿರುವ ವಿಕಲಚೇತನ ಬಾಲಕ ಒಂದಲ್ಲ, ಮೂರು ಕಾರಣಕ್ಕೆ ಅರ್ಹನಾಗುತ್ತಾನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಆತನಿಗೆ ವಕೀಲರನ್ನು ಕೊಡುತ್ತದೆ. ಆದರೆ ಹಾಗೆ ನೇಮಕಗೊಂಡ ವಕೀಲರ ಕೆಲಸ ಸಾಮಾನ್ಯವಾಗಿ ಆ ಒಂದು ಕ್ರಿಮಿನಲ್ ಪ್ರಕರಣದ ಅಂಚಿಗೇ ನಿಲ್ಲುತ್ತದೆ: ಜಾಮೀನು, ಸಾಕ್ಷಿಗಳ ಪಾಟೀಸವಾಲು, ಅಂತಿಮ ವಾದ. ಮಗುವಿನ ಶಿಕ್ಷಣದ ಹಕ್ಕು ಬೇರೆಯೇ ಒಂದು ಇಲಾಖೆಯ ವಿಷಯವಾಗಿ ಹೊರಗೇ ಉಳಿಯುತ್ತದೆ.

ಆ ಹಕ್ಕೂ ಚಿಕ್ಕದೇನಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ; ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಆ ಪಟ್ಟಿಯಲ್ಲಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನ್ಯಾಯಾಲಯಗಳು ವಿಕಲಚೇತನರಿಗೆ ಎಟುಕುವಂತಿರಬೇಕು, ಅವರ ಹೇಳಿಕೆಯನ್ನು ಅವರಿಗೆ ಒಗ್ಗುವ ಸಂವಹನ ವಿಧಾನದಲ್ಲೇ ದಾಖಲಿಸುವ ಏರ್ಪಾಡು ಇರಬೇಕು ಎನ್ನುತ್ತದೆ ಅದೇ ಕಾಯ್ದೆಯ 12ನೇ ಕಲಂ. ಇಷ್ಟೆಲ್ಲ ಇದ್ದೂ ಮಗುವಿನ ವಿಕಲತೆ ಮಂಡಳಿಯ ಕಣ್ಣಿಗೆ ಬೀಳದೆ ಹೋಗುವುದು ಹೇಗೆ?

ಎರಡು ಕಡತ

ವಿಕಲತೆಯುಳ್ಳ ಮಗುವಿನ ಬಗ್ಗೆ ಎರಡು ಕಡತಗಳಿರುತ್ತವೆ. ಮೊದಲನೆಯದು ಶಾಲೆಯದು. ಕರ್ನಾಟಕದಲ್ಲಿ ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಗುರುತಿಸುವ ಸ್ಯಾಟ್ಸ್ ಸಂಖ್ಯೆ ಇದೆ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಶಾಲಾ ಗಣತಿಯಲ್ಲಿ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ಬರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಮಗುವನ್ನು ಕಂಡಿದ್ದರೆ ಅವರ ಟಿಪ್ಪಣಿಯೂ ಇರಬಹುದು. ಎರಡನೆಯ ಕಡತ ಪ್ರಥಮ ವರ್ತಮಾನ ವರದಿಯಿಂದ ಶುರುವಾಗಿ ಮಹಜರು, ಹೇಳಿಕೆಗಳೊಂದಿಗೆ ಬೆಳೆಯುತ್ತದೆ. ಮಂಡಳಿ ಓದುವುದು ಎರಡನೆಯದನ್ನು.

ಎರಡನ್ನೂ ಕೂಡಿಸಬೇಕಾದ ದಾಖಲೆಯೊಂದು ಕಾನೂನಿನಲ್ಲಿ ಇದೆ. ಮಗುವನ್ನು ಮೊದಲ ಬಾರಿ ಹಾಜರುಪಡಿಸಿದ ದಿನದಿಂದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಮಗುವಿನ ಮನೆ, ಶಾಲೆಯ ಹಿನ್ನೆಲೆ ತಿಳಿಸುವ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. 2016ರ ಮಾದರಿ ನಿಯಮಗಳ ನಮೂನೆಯಲ್ಲಿ ಮಗುವಿಗೆ ಕೇಳಿಸುವ, ಮಾತಿನ, ದೈಹಿಕ ಅಥವಾ ಮಾನಸಿಕ ವಿಕಲತೆ ಇದೆಯೇ ಎಂದು ಕೇಳುವ ಕಾಲಂ ಇದೆ, ಶಾಲೆ ಬಿಟ್ಟ ಕಾರಣ ಬರೆಯುವ ಕಾಲಂ ಇದೆ. ತೊಂದರೆ ಇರುವುದು ಆ ಕಾಲಂ ತುಂಬುವ ರೀತಿಯಲ್ಲಿ. ಕುಂಟುವ ಕಾಲು ಕಣ್ಣಿಗೆ ಕಾಣುತ್ತದೆ. ಅಕ್ಷರ ಕೂಡಿಸಲು ಬಾರದ ಮೆದುಳು, ಹತ್ತು ನಿಮಿಷದ ಹಿಂದಿನದನ್ನೂ ನಿನ್ನೆಯದನ್ನೂ ಕಲಸಿಬಿಡುವ ನೆನಪು ಕಾಣುವುದಿಲ್ಲ. ಮನೆಗೆ ಹೋಗಿ ಕೇಳಿದರೆ ತಂದೆ ತಾಯಿ ‘ಓದು ತಲಿಗೆ ಹತ್ತಲಿಲ್ಲರಿ, ಬಿಡಿಸಿದ್ವಿ’ ಎನ್ನುತ್ತಾರೆ. ವರದಿಯಲ್ಲಿ ಅದು ‘ವಿದ್ಯಾಭ್ಯಾಸದಲ್ಲಿ ಆಸಕ್ತಿ ಇಲ್ಲ’ ಎಂದಾಗುತ್ತದೆ.

ಇದರ ಪರಿಣಾಮ ಒಂದರ ಹಿಂದೊಂದು ಬರುತ್ತದೆ. ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜಿನಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ದುಡಿಯುತ್ತಿದ್ದ ಹುಡುಗ, ವರದಿಯ ಭಾಷೆಯಲ್ಲಿ ಓದಲೊಲ್ಲದೆ ಅಲೆಯುವ ಹುಡುಗನಾಗುತ್ತಾನೆ. ಅಪರಾಧಿಗಳ ಸಹವಾಸಕ್ಕೆ ಬೀಳುವ ಸಂಭವವಿದ್ದರೆ ಜಾಮೀನು ನಿರಾಕರಿಸಲು ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಅವಕಾಶ ಕೊಡುತ್ತದಾದ್ದರಿಂದ, ಅಲೆಮಾರಿತನದ ಚಿತ್ರ ಅಲ್ಲಿ ಆತನ ವಿರುದ್ಧ ಕೆಲಸ ಮಾಡುತ್ತದೆ. ಜಾಮೀನು ಸಿಕ್ಕರೂ ನಿಗದಿತ ದಿನ, ನಿಗದಿತ ಹೊತ್ತಿಗೆ ಬಂದು ಸಹಿ ಮಾಡಬೇಕೆಂಬ ಷರತ್ತನ್ನು ದಿನ, ವಾರಗಳ ಲೆಕ್ಕವೇ ಹಿಡಿಯದ ಹುಡುಗ ಪಾಲಿಸಲಾರ, ಆ ತಪ್ಪು ಮೊಂಡುತನವೆಂದು ದಾಖಲಾಗುತ್ತದೆ. ಷರತ್ತು ಪೂರೈಸಲಾಗದೆ 7 ದಿನ ಕಳೆದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬಹುದು ಎಂದು ಅದೇ ಕಲಂ ಹೇಳುತ್ತದೆ, ಆದರೆ ಏಕೆ ಸಡಿಲಿಸಬೇಕೆಂದು ವಿವರಿಸುವ ಕಾಗದ ಶಾಲೆಯ ಕಪಾಟಿನಲ್ಲಿರುತ್ತದೆ. ಇನ್ನು ವೀಕ್ಷಣಾಲಯದೊಳಗೆ ವಿಶೇಷ ಶಿಕ್ಷಣ, ಶ್ರವಣ ಸಾಧನ, ಬ್ರೈಲ್ ಕಿಟ್ ಒದಗಿಸಬೇಕೆಂದು 53ನೇ ಕಲಂ ಹೆಸರಿಟ್ಟೇ ಹೇಳಿದ್ದರೂ, ಅಗತ್ಯವೇ ಗೊತ್ತಿಲ್ಲದ ಮಗುವಿಗೆ ಅದನ್ನು ಕೇಳುವವರು ಯಾರು?

‘ಹೂಂರಿ’ ಎಂಬ ಉತ್ತರ

ಧಾರವಾಡ ಸೀಮೆಯಲ್ಲಿ ಹಿರಿಯರ ಮಾತಿಗೆ ‘ಹೂಂರಿ’ ಎನ್ನುವುದು ಒಪ್ಪಿಗೆಗಿಂತ ಹೆಚ್ಚಾಗಿ ಮರ್ಯಾದೆ. ಬೌದ್ಧಿಕ ವಿಕಲತೆಯುಳ್ಳ ಮಕ್ಕಳಲ್ಲಿ ಎದುರಿನವರನ್ನು ಮೆಚ್ಚಿಸಲು, ಅರ್ಥವಾಗದ್ದನ್ನು ಮುಚ್ಚಿಕೊಳ್ಳಲು ಎಲ್ಲದಕ್ಕೂ ಹೌದೆನ್ನುವ ಒಲವು ಇರುತ್ತದೆಂಬುದು ಮನಶ್ಶಾಸ್ತ್ರಜ್ಞರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಈ ಎರಡೂ ಕೂಡಿದಾಗ ‘ನೀನೇ ಹೊಡೆದೆಯಾ’ ಎಂಬ ಪ್ರಶ್ನೆಗೆ ಬಂದ ‘ಹೂಂರಿ’ ಏನನ್ನು ಹೇಳುತ್ತದೆ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ನಿಜ. ಆದರೆ ಆ ಉತ್ತರದ ನೆರಳು ತನಿಖೆಯ ಮೇಲೂ, ಆಪ್ತಸಮಾಲೋಚಕರ ಟಿಪ್ಪಣಿಯ ಮೇಲೂ, ಕೆಲವೊಮ್ಮೆ ವಕೀಲರ ಮನಸ್ಸಿನ ಮೇಲೂ ಬೀಳುತ್ತದೆ.

ಇಲ್ಲಿ ಕಾನೂನಿನೊಳಗೇ ಒಂದು ಓರೆಯಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ವಿಕಲತೆ ಇದ್ದರೆ, ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನ ರೀತಿಯನ್ನು ಬಲ್ಲವರ ನೆರವು ಪಡೆಯಬಹುದೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಅದರ 2020ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ, ತಜ್ಞರ, ವಿಶೇಷ ಶಿಕ್ಷಕರ ಹೆಸರುಗಳುಳ್ಳ ವಹಿಯೊಂದನ್ನು ಇಡಬೇಕು. ಸಾಕ್ಷಿ ಹೇಳಲು ಬರುವ ವಿಕಲಚೇತನರನ್ನು ದುರ್ಬಲ ಸಾಕ್ಷಿಗಳೆಂದು ಪರಿಗಣಿಸಿ ಪ್ರತ್ಯೇಕ ಕೇಂದ್ರಗಳಲ್ಲಿ ಹೇಳಿಕೆ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ಆರೋಪಿ ಸ್ಥಾನದಲ್ಲಿರುವ ಮಗುವಿಗಾದರೋ ಬಾಲ ನ್ಯಾಯ ಕಾಯ್ದೆಯ 8ನೇ ಕಲಂ ಕೊಟ್ಟಿರುವುದು, ವಿಚಾರಣೆಯ ಭಾಷೆ ತಿಳಿಯದಿದ್ದರೆ ಒಬ್ಬ ದುಭಾಷಿ ಅಥವಾ ಅನುವಾದಕ ಮಾತ್ರ. ಕನ್ನಡ ಬಲ್ಲ, ಆದರೆ ಕನ್ನಡದಲ್ಲಿ ಕೇಳಿದ ಪ್ರಶ್ನೆಯ ತಿರುಳು ಹಿಡಿಯಲಾರದ ಮಗು ಈ ಕಲಮಿನ ಅಕ್ಷರದೊಳಗೆ ಸಲೀಸಾಗಿ ಹೊಂದುವುದಿಲ್ಲ.

ಶಾಲೆಗೇ ಹೋಗದ ಶ್ರವಣದೋಷವುಳ್ಳ ಹುಡುಗನ ಸ್ಥಿತಿ ಇನ್ನೂ ಬಿಗಿ. ಆತ ಕಲಿತದ್ದು ಮನೆಯ ಸನ್ನೆಗಳನ್ನು, ಭಾರತೀಯ ಸನ್ನೆ ಭಾಷೆಯನ್ನಲ್ಲ. ಪ್ರಮಾಣಿತ ದುಭಾಷಿಯನ್ನು ಕರೆತಂದರೂ ಇಬ್ಬರ ಕೈಗಳೂ ಬೇರೆ ಬೇರೆ ಭಾಷೆ ಆಡುತ್ತವೆ. ತಾಯಿಯೋ ತಂಗಿಯೋ ಪಕ್ಕದಲ್ಲಿ ಕೂತು ಮೂರನೆಯ ಕೊಂಡಿಯಾಗಬೇಕಾಗುತ್ತದೆ.

ಹದಿನಾರು ತುಂಬಿದವರ ಮೌಲ್ಯಮಾಪನ

ವಿಕಲತೆಯ ಪ್ರಶ್ನೆ ಅತಿ ಹೆಚ್ಚು ಬೆಲೆ ತೆರಿಸುವ ಹಂತ ಬಾಲ ನ್ಯಾಯ ಕಾಯ್ದೆಯ 15ನೇ ಕಲಮಿನದು. 16 ತುಂಬಿದ, 18 ತುಂಬದ ಮಗುವಿನ ಮೇಲೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪವಿದ್ದರೆ, ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮುಗಿಸಬೇಕು. ಕೃತ್ಯ ಎಸಗುವ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ತಿಳಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ ಇವನ್ನು ನೋಡಿ, ಮಗುವನ್ನು ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕು. ಮೇ ತಿಂಗಳ ಪ್ರಕರಣದಲ್ಲಿ ಇಂಥ ಮೌಲ್ಯಮಾಪನದ ಸುದ್ದಿ ಬಾರದಿದ್ದುದಕ್ಕೆ ಕಾರಣ ಇಷ್ಟೇ: ಆರನೇ ತರಗತಿಯ ಮಗುವಿಗೆ ಈ ಕಲಂ ತಗಲುವುದೇ ಇಲ್ಲ.

ಮನಶ್ಶಾಸ್ತ್ರಜ್ಞರ ನೆರವು ಪಡೆಯ‘ಬಹುದು’ ಎಂದಷ್ಟೇ ಕಾಯ್ದೆ ಹೇಳಿತ್ತು. ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಕೊಲೆಯ ಪ್ರಕರಣದಲ್ಲಿ 2022ರ ಜುಲೈ 13ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮಂಡಳಿಯಲ್ಲೇ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದ ಪದವಿ ಪಡೆದ ವೃತ್ತಿನಿರತರಿಲ್ಲದಿದ್ದರೆ ಆ ‘ಬಹುದು’ ಎಂಬುದನ್ನು ‘ಬೇಕು’ ಎಂದೇ ಓದಬೇಕು ಎಂದಿತು. ಪರಿಣಾಮ ಎಂದರೆ ತಕ್ಷಣದ್ದು ಮಾತ್ರವಲ್ಲ, ಬಲಿಯಾದವರ ಕುಟುಂಬಕ್ಕೂ ತನ್ನ ಮುಂದಿನ ಬದುಕಿಗೂ ಏನಾಗುತ್ತದೆಂಬುದೂ ಅದರಲ್ಲಿ ಸೇರಿದೆ ಎಂದು ಅದೇ ತೀರ್ಪು ವಿವರಿಸಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮೌಲ್ಯಮಾಪನಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು.

ತಜ್ಞರು ಬಂದರೆ ಎಲ್ಲ ಸರಿಹೋಗುತ್ತದೆಯೇ? ಕಲಿಕಾ ನ್ಯೂನತೆಯುಳ್ಳ ಹುಡುಗನ ಬುದ್ಧಿಮತ್ತೆಯ ಅಂಕ ಸಾಮಾನ್ಯವಾಗಿಯೇ ಇರುತ್ತದೆ. ಅಂಕ ಮಾತ್ರ ನೋಡಿದರೆ ‘ಸಾಮರ್ಥ್ಯವಿದೆ’ ಎಂದು ಬರೆದು ಮುಗಿಸಬಹುದು. ಎಂಟು ವರ್ಷ ತರಗತಿಯ ಹಿಂದಿನ ಬೆಂಚಿನಲ್ಲಿ ಸೂಚನೆಗಳನ್ನು ಆತ ಹೇಗೆ ತಪ್ಪಾಗಿ ಹಿಡಿಯುತ್ತಿದ್ದ, ಜತೆಗಾರರು ಹೇಳಿದ್ದನ್ನು ಹೇಗೆ ಯೋಚಿಸದೆ ಮಾಡುತ್ತಿದ್ದ ಎಂಬುದು ಒಂದೆರಡು ಗಂಟೆಯ ಸಂದರ್ಶನದಲ್ಲಿ ಸಿಗುವುದಿಲ್ಲ, ಶಾಲೆಯ ಕಡತದಲ್ಲಿ ಸಿಗಬಹುದು. ಹಾಗಾಗಿ ತಜ್ಞರ ಕೈಗೆ ಆ ಕಡತ ಮುಟ್ಟುತ್ತದೆಯೋ ಇಲ್ಲವೋ ಎಂಬುದರ ಮೇಲೆ ಮಗು ಯಾವ ನ್ಯಾಯಾಲಯಕ್ಕೆ ಹೋಗುತ್ತದೆಂಬುದು ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಜೂನ್ 1ರ ಹುಟ್ಟುಹಬ್ಬ

ವಯಸ್ಸಿನ ತೀರ್ಮಾನಕ್ಕೂ ಶಾಲೆಯ ದಾಖಲೆಯೇ ಮೊದಲ ಆಧಾರ. ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ ಎಂದು ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಹೇಳುತ್ತದೆ. ನಮ್ಮ ಕಡೆ ಶಾಲೆಗೆ ಸೇರಿಸುವ ಅನುಕೂಲಕ್ಕಾಗಿ ಮಾಸ್ತರರು ಜೂನ್ 1 ಎಂದು ಬರೆದ ಜನ್ಮದಿನಗಳು ಎಷ್ಟೋ ಇವೆ. ಮಾತು ತಡವಾಗಿ ಬಂದಿತೆಂದು ಎರಡು ವರ್ಷ ತಡವಾಗಿ ಶಾಲೆಗೆ ಸೇರಿದ ಮಗುವಿನ ದಾಖಲೆ ಒಂದು ವಯಸ್ಸು ಹೇಳಿದರೆ ದೇಹ ಇನ್ನೊಂದು ಹೇಳಬಹುದು. ಮೂಳೆ ಪರೀಕ್ಷೆಯೂ ವರ್ಷ, ಎರಡು ವರ್ಷದ ಏರುಪೇರಿಗೆ ಎಡೆಯಿರುವಂಥದ್ದೇ.

ಮಾನಸಿಕ ವಯಸ್ಸನ್ನು ಮಾತ್ರ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೋಕ್ಸೊ ಪ್ರಕರಣವೊಂದರಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್, ಮಗು ಎಂದರೆ ದೈಹಿಕ ವಯಸ್ಸಿನಿಂದ 18 ತುಂಬದವರು ಮಾತ್ರ ಎಂದಿತು. ಅದು ಸಂತ್ರಸ್ತೆಯ ವಿಷಯದ ತೀರ್ಪು, ಆದರೆ ಆರೋಪಿಯ ವಿಷಯದಲ್ಲೂ ಕಾಯ್ದೆ ಎಣಿಸುವುದು ಹುಟ್ಟಿದ ದಿನವನ್ನೇ. ಹತ್ತು ವರ್ಷದ ಮಗುವಿನಷ್ಟೇ ತಿಳಿವಳಿಕೆಯುಳ್ಳ 19ರ ಯುವಕ ಸಾಮಾನ್ಯ ನ್ಯಾಯಾಲಯಕ್ಕೇ ಹೋಗುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬೌದ್ಧಿಕ ವಿಕಲತೆಯುಳ್ಳ ಆರೋಪಿಗಳಿಗೆ ಪ್ರತ್ಯೇಕ ವಿಧಾನವಿದೆ. ಆತ ವಾದ ಮಂಡಿಸಲು ಶಕ್ತನಲ್ಲವೆಂದು ತೀರ್ಮಾನವಾದರೆ ವಿಚಾರಣೆ ಮುಂದೂಡಬಹುದು, ಬಿಡುಗಡೆಯನ್ನೂ ಮಾಡಬಹುದು. ಬಿಡುಗಡೆಯಾಗದಿದ್ದರೆ ಆರೋಪವೂ ಸಾಬೀತಾಗದೆ, ಖುಲಾಸೆಯೂ ಆಗದೆ ಸಂಸ್ಥೆಯೊಂದರಲ್ಲಿ ಉಳಿಯುವ ಅಪಾಯವಿದೆ. ಆದ್ದರಿಂದ ವಿಕಲತೆಯ ವಾದವನ್ನು ಎತ್ತುವುದೇ ವಕೀಲರಿಗೆ ಎಲ್ಲ ಕಾಲಕ್ಕೂ ಸುಲಭದ ಆಯ್ಕೆಯಲ್ಲ.

ಅಮೆರಿಕದಲ್ಲಿ ಬೇರೆ ವಕೀಲರು

ಮಕ್ಕಳಿಗೂ ವಕೀಲರ ನೆರವಿನ ಹಕ್ಕಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. 1975ರ ಕಾನೂನೊಂದು ವಿಕಲತೆಯುಳ್ಳ ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ ಕೊಡಬೇಕೆಂದಿತು. ಅದು ಸಿಗದಿದ್ದರೆ ಪೋಷಕರು ವಿಚಾರಣೆ ಕೇಳಬಹುದು, ಗೆದ್ದರೆ ವಕೀಲರ ಶುಲ್ಕವನ್ನೂ ಪಡೆಯಬಹುದು. ವಿಕಲತೆಯ ಕಾರಣಕ್ಕೇ ಆದ ವರ್ತನೆಗಾಗಿ ಹತ್ತಕ್ಕಿಂತ ಹೆಚ್ಚು ದಿನ ಮಗುವನ್ನು ಶಾಲೆಯಿಂದ ಹೊರಹಾಕುವುದು ಅಲ್ಲಿ ಸುಲಭವಲ್ಲ. ರಾಜಧಾನಿ ವಾಷಿಂಗ್ಟನ್ನಿನ ಸಾರ್ವಜನಿಕ ರಕ್ಷಣಾ ವಕೀಲರ ಸಂಸ್ಥೆ ಈ ಎರಡು ಹಕ್ಕುಗಳನ್ನು ಕೂಡಿಸಿ, ಬಾಲಾಪರಾಧ ಪ್ರಕರಣದಲ್ಲಿರುವ ಮಕ್ಕಳ ಶಿಕ್ಷಣದ ಹಕ್ಕಿಗಾಗಿಯೇ ಪ್ರತ್ಯೇಕ ವಕೀಲರನ್ನು ಇಟ್ಟಿದೆ. ಕ್ರಿಮಿನಲ್ ವಕೀಲರು ಆರೋಪವನ್ನು ನೋಡಿಕೊಂಡರೆ, ಇವರು ಶಾಲೆಯ ವಿರುದ್ಧ ಮಗುವಿನ ಪರ ನಿಲ್ಲುತ್ತಾರೆ.

ಅದನ್ನು ಎತ್ತಿ ತಂದು ಇಲ್ಲಿ ನೆಡಲಾಗದು. ಅಲ್ಲಿ ಶಿಕ್ಷಣ ವಕೀಲರಿಗೆ ಹೋಗಿ ನಿಲ್ಲಲು ಒಂದು ಕಟಕಟೆ ಇದೆ. ಇಲ್ಲಿ ಶಿಕ್ಷಣ ಇಲಾಖೆಯ ಕುಂದುಕೊರತೆ ಅಧಿಕಾರಿ, ರಾಜ್ಯ ವಿಕಲಚೇತನರ ಆಯುಕ್ತರು, ಕೊನೆಗೆ ಧಾರವಾಡ ಹೈಕೋರ್ಟ್ ಪೀಠದ ರಿಟ್ ಅರ್ಜಿ ಎಂದು ದಾರಿ ಕವಲೊಡೆಯುತ್ತದೆ.

ಆಕ್ಷೇಪಗಳಲ್ಲಿ ಹುರುಳಿದೆಯೇ

ವಿಕಲತೆ ಎಂಬುದು ತಪ್ಪಿಸಿಕೊಳ್ಳುವ ನೆಪವಾಗುತ್ತದೆ ಎಂಬ ಆಕ್ಷೇಪ ನೊಂದ ಕುಟುಂಬಗಳ ಕಡೆಯಿಂದ ಬರುವುದು ಸಹಜ. ಆದರೆ ವಿಕಲತೆಯ ಪುರಾವೆ ತಾನಾಗಿಯೇ ಖುಲಾಸೆ ತರುವುದಿಲ್ಲ. ಪ್ರಶ್ನೆ ಕೇಳುವ ರೀತಿ, ಜಾಮೀನಿನ ಷರತ್ತು, ಅಂತಿಮ ಆದೇಶದ ಸ್ವರೂಪ ಇವನ್ನು ಬದಲಿಸುತ್ತದೆ. ಸರಿಯಾಗಿ ಅರ್ಥವಾಗದೆ ಕೊಟ್ಟ ಹೇಳಿಕೆಯ ಮೇಲೆ ನಿಂತ ಆದೇಶ ಮೇಲ್ಮನವಿಯಲ್ಲಿ ಬಿದ್ದರೆ ನೊಂದ ಕುಟುಂಬಕ್ಕೂ ನಷ್ಟವೇ.

ಎಲ್ಲ ವಿಕಲಚೇತನ ಮಕ್ಕಳನ್ನೂ ಅಪರಾಧದ ಕಡೆ ಒಲಿದವರೆಂದು ನೋಡುವ ಪೂರ್ವಗ್ರಹ ಬೆಳೆಯುತ್ತದೆಂಬ ಆತಂಕ ಇದಕ್ಕಿಂತ ತೂಕದ್ದು. ಅದನ್ನು ತಳ್ಳಿಹಾಕಲಾಗದು. ಹೆಚ್ಚು ತೊಡಕಿನದು ವಕೀಲರದೇ ಆಕ್ಷೇಪ: ಶಾಲೆಯ ಕಡತ ಎರಡೂ ಕಡೆ ಹರಿತವಿರುವ ಕತ್ತಿ. ಕಲಿಕೆಯ ತೊಂದರೆಯ ಜತೆಗೇ ‘ಸಹಪಾಠಿಗೆ ಹೊಡೆದ’ ಎಂಬ ಹಳೆಯ ಟಿಪ್ಪಣಿಯೂ ಅದರಲ್ಲಿರಬಹುದು. ಪರಿವೀಕ್ಷಣಾಧಿಕಾರಿ ಕಡತ ತರಿಸಿದರೆ ಅದು ನೇರ ಮಂಡಳಿಗೆ ಹೋಗುತ್ತದೆ. ವಕೀಲರು ತರಿಸಿದರೆ ಯಾವುದನ್ನು, ಯಾವಾಗ ಮುಂದಿಡಬೇಕೆಂಬುದು ಮಗುವಿನ ಹಿತ ನೋಡಿ ತೀರ್ಮಾನವಾಗುತ್ತದೆ. ಈ ಕೆಲಸ ಅಧಿಕಾರಿಯದಲ್ಲ, ವಕೀಲರದೇ ಆಗಬೇಕು ಎನ್ನಲು ಇದೇ ಮುಖ್ಯ ಕಾರಣ.

ವಿಶೇಷ ಶಿಕ್ಷಕರೇ ಸಾಕಷ್ಟಿಲ್ಲದಿರುವಾಗ ಮಂಡಳಿಗೆ ಎಲ್ಲಿಂದ ತರುವುದು ಎಂಬುದು ಆಡಳಿತದ ಉತ್ತರ. ಕಿರಿಯ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚಿಸಿದ್ದನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಬೇಕಾಯಿತೆಂದರೆ ಈ ಉತ್ತರ ಪೂರಾ ಸುಳ್ಳಲ್ಲ.

ಈ ಮೂರು ಜಿಲ್ಲೆಗಳಲ್ಲಿ

1997ರಲ್ಲಿ ಗದಗ, ಹಾವೇರಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಗಳಾದವು, ಆದರೆ ತಜ್ಞರು ಬಹುಮಟ್ಟಿಗೆ ಹಳೆಯ ಜಿಲ್ಲಾ ಕೇಂದ್ರದ ಸುತ್ತಲೇ ಉಳಿದರು. 1845ರ ಆಸ್ಪತ್ರೆಯಿಂದ ಬೆಳೆದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಕರ್ನಾಟಕ ವಿಶ್ವವಿದ್ಯಾಲಯ, ನವನಗರದ ಕಾನೂನು ವಿಶ್ವವಿದ್ಯಾಲಯ ಎಲ್ಲವೂ ಅವಳಿ ನಗರದ ಇಪ್ಪತ್ತು ಕಿಲೋಮೀಟರ್ ಹಾದಿಯ ಮೇಲೋ ಅಕ್ಕಪಕ್ಕವೋ ಇವೆ. ರಾಣೆಬೆನ್ನೂರಿನ ಅಥವಾ ನರಗುಂದದ ಮಗುವಿನ ಪರೀಕ್ಷೆಗೆ ದಿನಾಂಕ ಸಿಕ್ಕುವ ಹೊತ್ತಿಗೆ ಮೂರು ತಿಂಗಳ ಗಡುವಿನ ದೊಡ್ಡ ಪಾಲು ಕಳೆದಿರುವ ಸಂಭವವಿದೆ.

ಆದರೂ ಶುರುವಾಗಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಪೋಕ್ಸೊ ನಿಯಮಗಳಿಗಾಗಿ ಇಡಬೇಕಾದ ವಿಶೇಷ ಶಿಕ್ಷಕರ ವಹಿ ಇರಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ಬಾಲ ನ್ಯಾಯ ಮಂಡಳಿಯೊಂದಿಗೆ ಕೆಲಸ ಮಾಡುವುದೂ ಅದೇ ಘಟಕ. ಸಂತ್ರಸ್ತ ಮಗುವಿಗೆ ಕರೆಯುವ ಶಿಕ್ಷಕಿಯನ್ನು ಆರೋಪಿ ಮಗುವಿಗೂ ಕರೆಯಲು, ವಿಕಲಚೇತನರ ಕಾಯ್ದೆಯ 12ನೇ ಕಲಂ ಆಧರಿಸಿ ವಕೀಲರು ಒಂದು ಪುಟದ ಅರ್ಜಿ ಹಾಕಬಹುದು. 14 ವರ್ಷದೊಳಗಿನ ಮಗುವಿನ ಹೆಸರನ್ನು ಶಾಲೆ ತೆಗೆದುಹಾಕಿದ್ದರೆ, 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ ಎಂಬ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ತೋರಿಸಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬಹುದು. ಮಂಡಳಿಯ ಅಂತಿಮ ಆದೇಶದಲ್ಲೇ ಶಾಲೆಗೆ ಹೋಗಬೇಕೆಂದು, ವೃತ್ತಿ ತರಬೇತಿ ಪಡೆಯಬೇಕೆಂದು ಸೇರಿಸಲು ಬಾಲ ನ್ಯಾಯ ಕಾಯ್ದೆಯ 18ನೇ ಕಲಂ ಅವಕಾಶ ಕೊಡುವುದರಿಂದ, ಯಾವ ಶಾಲೆ, ಯಾವ ನೆರವಿನೊಂದಿಗೆ ಎಂಬುದನ್ನು ವಕೀಲರೇ ಬರೆದುಕೊಟ್ಟರೆ ಆದೇಶ ಕಾಗದದಲ್ಲೇ ಉಳಿಯುವ ಸಂಭವ ಕಡಿಮೆ.

ಇವೆಲ್ಲಕ್ಕೂ ಮೊದಲು ಮಾಡಬೇಕಾದ್ದು ಮಗುವಿನ ಸ್ಯಾಟ್ಸ್ ಸಂಖ್ಯೆ ಪಡೆದು, ಪೋಷಕರ ಒಪ್ಪಿಗೆಯೊಂದಿಗೆ ಶಾಲೆಯಿಂದ ದಾಖಲೆ ತರಿಸುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರಿಗೆ ಕೊಡುವ ನೇಮಕಾತಿ ಪತ್ರದಲ್ಲಿ ಆ ಕೆಲಸವನ್ನೂ ಒಂದು ಸಾಲಿನಲ್ಲಿ ಸೇರಿಸಿ, ಅದಕ್ಕೆ ಶುಲ್ಕವನ್ನೂ ನಮೂದಿಸಿದರೆ, ಪರಿವೀಕ್ಷಣಾಧಿಕಾರಿಯ 15 ದಿನ ಮುಗಿಯುವ ಮುನ್ನವೇ ಶಾಲೆಯ ಕಡತ ವಕೀಲರ ಕೈಯಲ್ಲಿರುತ್ತದೆ.